ಮಾರ್ಚ್ ತಿಂಗಳ ಪಫಿನ್

ಸೆಲವೀಕ್‌ಗೆ ನಾನು ಮೊದಲ ಸಲ ಬಂದದ್ದು ಮಾರ್ಚ್ ತಿಂಗಳ ಒಂದು ಶನಿವಾರ. ರಾಜಧಾನಿ ರೇಕ್ಯಾವೀಕ್‌ನಿಂದ ಬೆಳಗಾಗುವ ಮೊದಲೇ ಕಾರಿನಲ್ಲಿ ಹೊರಟವಳು, ಕೊನೆಯ ಗುಡ್ಡವನ್ನು ಹಿಮ ತೆಗೆಯುವ ಗಾಡಿಯ ಬೆನ್ನಿಗೆ ಅಂಟಿಕೊಂಡು ಹತ್ತಿ ಇಳಿದಿದ್ದೆ. ಸ್ಟೀರಿಂಗ್ ಹಿಡಿದೂ ಹಿಡಿದೂ ಬೆರಳು ಮರಗಟ್ಟಿದ್ದವು. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಊರ ಚರ್ಚಿನ ಆಯ್ಕೆ ಸಮಿತಿಯ ಮುಂದೆ ಕೂರಬೇಕಿತ್ತು. ಅವರಿಗೆ ಹೊಸ ಪಾದ್ರಿ ಬೇಕಾಗಿತ್ತು. ಅರ್ಜಿ ಹಾಕಿದ ಮೂವರಲ್ಲಿ ನಾನೂ ಒಬ್ಬಳು.

ನನ್ನ ಹೆಸರು ವಾಲ್ದೀಸ್. ಆಗ ನಲವತ್ಮೂರು ವರ್ಷ. ಎಂಟು ವರ್ಷದಿಂದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಪಾದ್ರಿಯಾಗಿದ್ದೆ. ಹಾಸಿಗೆಯ ಪಕ್ಕ ಕೂತು ಕೈ ಹಿಡಿದುಕೊಳ್ಳುವುದು ನನ್ನ ಕೆಲಸ. ಆ ಎಂಟು ವರ್ಷದಲ್ಲಿ ಒಂದೇ ಒಂದು ಮದುವೆ ಮಾಡಿಸಿರಲಿಲ್ಲ. ಬದುಕಿನ ಉಳಿದ ಭಾಗವನ್ನೂ ಸ್ವಲ್ಪ ನೋಡೋಣ ಅನ್ನಿಸಿ ಅರ್ಜಿ ಬರೆದಿದ್ದೆ.

ಉಳಿದುಕೊಳ್ಳಬೇಕಿದ್ದ ಮನೆಯವರು ಐದು ಗಂಟೆಗೆ ಬಾ ಅಂದಿದ್ದರು. ಇನ್ನೂ ಮೂರಾಗಿರಲಿಲ್ಲ. ಇಂಥ ಹೊತ್ತಿನಲ್ಲಿ ನಮ್ಮವರು ಯಾರೇ ಆಗಲಿ, ಯಾವ ಊರೇ ಆಗಲಿ, ಹೋಗುವ ಜಾಗ ಒಂದೇ, ಬಯಲಿನ ಬಿಸಿನೀರಿನ ಈಜುಕೊಳ. ಬಂದರಿನ ಹಿಂದೆ ಬಿಳಿ ಹಬೆ ಏಳುತ್ತಿತ್ತು. ಅದನ್ನೇ ನೋಡಿಕೊಂಡು ಕಾರು ತಿರುಗಿಸಿದೆ.

ಈಜುಕೊಳದ ಬಾಗಿಲಲ್ಲಿ ಒಬ್ಬ ಅರವತ್ತರ ಹೆಂಗಸು ಉಲ್ಲನ್ ಹೆಣೆಯುತ್ತ ಕೂತಿದ್ದಳು. ದೀರ್‌ಲೇವ್ ಅಂತ ಅವಳ ಹೆಸರು. ಲಾಕರ್ ಕೀಲಿ ಕೊಡುವಾಗ ನನ್ನ ಮುಖವನ್ನು ಬೇಕಾದ್ದಕ್ಕಿಂತ ಎರಡು ಕ್ಷಣ ಹೆಚ್ಚೇ ನೋಡಿದಳು.

"ಒಬ್ಬಳೇನಾ?"

"ಒಬ್ಬಳೇ."

"ಸೋಪು ಹಚ್ಚಿ ಚೆನ್ನಾಗಿ ಉಜ್ಕೊಂಡು ಆಮೇಲೆ ಇಳಿ. ಪಟ್ಟಣದೋರಿಗೆ ಯಾವಾಗ್ಲೂ ಅವಸರ."

ನಾನು ಪಟ್ಟಣದವಳು ಅಂತ ಇವಳಿಗೆ ಯಾರು ಹೇಳಿದರು ಅನ್ನಿಸಿತು. ನನ್ನ ತೆಳು ಬೂಟು ನೋಡಿ ಅಂದಿರಬೇಕು ಎಂದುಕೊಂಡು ಒಳಗೆ ಹೋದೆ.

ಉಜ್ಜಿ ತೊಳೆದುಕೊಂಡು, ಈಜುಡುಗೆ ಹಾಕಿಕೊಂಡು, ಕನ್ನಡಕವನ್ನು ಲಾಕರಿನಲ್ಲಿಟ್ಟೆ. ಹಬೆಯಲ್ಲಿ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಆದರೆ ಕನ್ನಡಕ ತೆಗೆದರೆ ನನಗೆ ಮನುಷ್ಯರೆಲ್ಲ ಬಣ್ಣದ ಮುದ್ದೆಗಳು. ಬರಿಗಾಲಲ್ಲಿ ಮಂಜುಗಡ್ಡೆಯ ಮೇಲೆ ಕುಪ್ಪಳಿಸುತ್ತ ನಲವತ್ತು ಡಿಗ್ರಿ ಅಂತ ದೊಡ್ಡದಾಗಿ ಬರೆದ ತೊಟ್ಟಿಯ ಕಡೆ ಓಡಿದೆ. ಒಳಗೆ ನಾಲ್ಕು ಮುದ್ದೆಗಳಿದ್ದವು. ಒಂದರ ತಲೆಯ ಮೇಲೆ ಕೆಂಪು ಉಲ್ಲನ್ ಟೋಪಿ.

"ಜಾಗ ಬಿಡೋ ಹಾಲ್ಫ್‌ದಾನ್. ಹೊಟ್ಟೆ ಒಳಗೆಳ್ಕೋ, ಯಾರೋ ಬಂದ್ರು," ಅಂದಳು ಒಬ್ಬಳು. ದನಿಯಲ್ಲೇ ಮೇಷ್ಟರಿಕೆ ಇತ್ತು.

"ಇದಕ್ಕಿಂತ ಒಳಗೆಳ್ಕೊಂಡ್ರೆ ಬೆನ್ನಿಂದ ಹೊರಗೆ ಬರತ್ತೆ ಗುನ್‌ವೋರ್," ಅಂದ ಕೆಂಪು ಟೋಪಿಯ ಮುದುಕ. ಆದರೂ ಸರಿದ.

ಕತ್ತಿನವರೆಗೆ ಇಳಿದೆ. ಎಂಟು ಗಂಟೆಯ ದಾರಿ ಮೈಯಿಂದ ಕಳಚಿ ನೀರಿಗೆ ಹೋಯಿತು. ಮೇಲೆ ತೆಳ್ಳಗೆ ಹಿಮ ಬೀಳುತ್ತಿತ್ತು. ಕೂದಲ ಮೇಲೆ ಬಿದ್ದದ್ದು ಹಾಗೇ ಗಟ್ಟಿಯಾಗುತ್ತಿತ್ತು. ನಾನು ಯಾರು, ಯಾಕೆ ಬಂದೆ ಅಂತ ಹೇಳಬೇಕು ಅಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಹಾಲ್ಫ್‌ದಾನ್ ನಿಂತ ಮಾತನ್ನು ಮುಂದುವರಿಸಿದ.

"ಹಾಂ, ನಾಳೆ ವಿಷ್ಯ. ಗಿಟಾರ್ ಬಾರಿಸೋ ಹುಡುಗ ಒಬ್ಬ. ಕುರಿ ಗೊತ್ತಿರೋ ಉತ್ತರದೋನು ಒಬ್ಬ. ಮೂರ್ನೇದು ಯಾರು?"

"ದಕ್ಷಿಣದೋಳು. ಆಸ್ಪತ್ರೆ ಪಾದ್ರಿ," ಅಂದಳು ಗುನ್‌ವೋರ್.

"ಅಯ್ಯೋ, ಅವಳಾ! ಅವಳಿಗೆ ಸಾಯೋರ ಹತ್ರ ಮಾತಾಡಿಯೇ ಅಭ್ಯಾಸ. ನಾವಿನ್ನೂ ಸತ್ತಿಲ್ವಲ್ಲ!"

"ನಿನ್ನ ವಿಷ್ಯದಲ್ಲಿ ಖಾತ್ರಿಯಾಗಿ ಹೇಳೋಕಾಗಲ್ಲ."

ಉಳಿದಿಬ್ಬರು ನಕ್ಕರು. ನನ್ನ ಬಾಯಿ ತೆರೆದದ್ದು ಹಾಗೇ ಮುಚ್ಚಿತು.

"ಪತ್ರ ಚೆನ್ನಾಗಿ ಬರ್ದಿದ್ದಾಳೆ ಅನ್ನು," ಗುನ್‌ವೋರ್ ಹೇಳಿದಳು. "ಆದ್ರೆ ಇಂಥೋರು ಒಂದು ಚಳಿಗಾಲ ನೋಡಿ ಎರಡನೇ ಚಳಿಗಾಲಕ್ಕೆ ಬೆನ್ನುನೋವು ಅಂತ ಹೊರಟುಬಿಡ್ತಾರೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಯಾರಮ್ಮಾ? ಯಾರ ಪೈಕಿ?"

"ರೇಕ್ಯಾವೀಕ್. ಅಪ್ಪನ ಕಡೆಯೋರು ಪೂರ್ವ ತೀರದೋರು."

"ಈ ಹಿಮದಲ್ಲಿ ಇಲ್ಲಿಗೇನು ಕೆಲಸ?"

ಆಗಲೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ದಕ್ಷಿಣದವಳು ನಾನೇ ಅನ್ನಲು ನಾಲಿಗೆ ಏಳಲಿಲ್ಲ.

"ಹಕ್ಕಿ ನೋಡೋಕೆ," ಅಂದೆ.

"ಓಹೋ. ಯಾವ ಹಕ್ಕಿ ಕಂಡ್ವು?"

ನನಗೆ ಹಕ್ಕಿಗಳ ಗಂಧ ಗಾಳಿ ಗೊತ್ತಿಲ್ಲ. ಆ ಗಾಬರಿಯಲ್ಲಿ ನೆನಪಾದದ್ದು ನಮ್ಮ ದೇಶದ ಪ್ರತಿ ಅಂಗಡಿಯ ಕಿಟಕಿಯಲ್ಲೂ ಗೊಂಬೆಯಾಗಿ ಕೂತಿರುವ ದಪ್ಪ ಕೊಕ್ಕಿನ ಒಂದೇ ಹಕ್ಕಿ.

"ಪಫಿನ್," ಅಂದೆ.

ನಾಲ್ಕು ಮುದ್ದೆಗಳೂ ನನ್ನ ಕಡೆ ತಿರುಗಿದವು.

"ಪಫಿನ್ನಾ?" ಗುನ್‌ವೋರ್ ನಿಧಾನವಾಗಿ ಕೇಳಿದಳು. "ಎಲ್ಲಿ?"

"ಬರ್ತಾ ದಾರೀಲಿ. ಸಮುದ್ರದ ಹತ್ರ ಒಂದು ಬಂಡೆ ಇದೆಯಲ್ಲ, ಅಲ್ಲಿ. ನಾಲ್ಕೈದಿದ್ವು."

ಹಾಲ್ಫ್‌ದಾನ್ ಟೋಪಿಯ ಸಮೇತ ನೀರೊಳಗೆ ಮುಳುಗಿದ. ತುಂಬ ಹೊತ್ತಿನ ಮೇಲೆ ಎದ್ದು, "ಕಿವಿಗೆ ಬಿಸಿನೀರು ಒಳ್ಳೇದು," ಅಂದ. ದನಿ ಯಾಕೋ ನಡುಗುತ್ತಿತ್ತು.

"ದಪ್ಪಗಿದ್ವಾ?" ಗುನ್‌ವೋರ್ ಬಿಡಲಿಲ್ಲ.

"ಹೂಂ. ಚೆನ್ನಾಗಿ ತಿಂದಿದ್ವು ಅನ್ಸತ್ತೆ."

"ಸದ್ಯ. ಈ ವರ್ಷ ನಮಗೆ ಅದೇ ಚಿಂತೆಯಾಗಿತ್ತು."

ಗೆದ್ದೆ ಅಂದುಕೊಂಡೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತ ಆರಾಮಾಗಿ ಕಾಲು ಚಾಚಿದೆ. ದೀರ್‌ಲೇವ್ ಕಾಗದದ ಲೋಟಗಳಲ್ಲಿ ಕಾಫಿ ತಂದು ತೊಟ್ಟಿಯ ಅಂಚಿನಲ್ಲಿಟ್ಟು ಹೋದಳು. ಅವಳ ಭುಜಗಳೂ ಕುಣಿಯುತ್ತಿದ್ದ ಹಾಗೆ ಕಂಡಿತು. ನನ್ನ ಕಣ್ಣಿನ ದೋಷ ಎಂದು ಬಿಟ್ಟೆ.

"ನೀನು ಹೊರಗಿನೋಳು, ಯಾರ ಕಡೆಗೂ ಇಲ್ಲ," ಗುನ್‌ವೋರ್ ಕಾಫಿ ದಾಟಿಸುತ್ತ ಅಂದಳು. "ಹೇಳು ನೋಡೋಣ, ಇಂಥ ಊರಿಗೆ ಎಂಥಾ ಪಾದ್ರಿ ಬೇಕು?"

ಇದಕ್ಕೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಕೂತ್ಕೊಳ್ಳೋಕೆ ಬರ್ಬೇಕು," ಅಂದೆ. "ಕಷ್ಟದ ಮನೆಗೆ ಬಂದೋರು ಹೆಚ್ಚಿನೋರು ಬಾಗಿಲಲ್ಲೇ ನಿಂತು ಎರಡು ಒಳ್ಳೇ ಮಾತು ಹೇಳಿ ಹೋಗ್ಬಿಡ್ತಾರೆ. ಕೋಟು ಬಿಚ್ಚಿ ಕೂತ್ಕೊಳ್ಳೋರು ಬೇಕು. ಮಾತು ಬರ್ದೇ ಇದ್ರೂ ಪರವಾಗಿಲ್ಲ."

ಯಾರೂ ನಗಲಿಲ್ಲ. ಹಾಲ್ಫ್‌ದಾನ್ ಲೋಟ ಕೆಳಗಿಟ್ಟು, "ಕಾಫಿ ಕುಡಿಯೋಕೆ ಬರ್ಬೇಕು ಅನ್ನು," ಅಂದ.

ತಲೆ ಬಿಸಿಯಾಗಿ ಸುತ್ತತೊಡಗಿದಾಗ ನಾನು ಎದ್ದು ಮಕ್ಕಳ ಕೊಳದ ಕಡೆ ಹೋದೆ. ಮೊಣಕಾಲುದ್ದದ ಬೆಚ್ಚಗಿನ ನೀರು. ಮಲಗಿದರೆ ಕಿವಿಯವರೆಗೆ ಬರುತ್ತದೆ. ಅಲ್ಲಿ ಒಬ್ಬ ಉದ್ದನೆಯ ಗಂಡಸು ಅಂಚಿಗೆ ತಲೆಯಿಟ್ಟು ಆಕಾಶ ನೋಡುತ್ತ ಮಲಗಿದ್ದ. ನಾನೂ ಒಂದು ಮಾರು ದೂರದಲ್ಲಿ ಹಾಗೇ ಮಲಗಿದೆ. ಹೀಗೆ ಮಲಗಿದವರು ಪರಸ್ಪರ ಮುಖ ನೋಡುವುದಿಲ್ಲ. ಇಬ್ಬರೂ ಮೋಡದ ಜೊತೆ ಮಾತಾಡುತ್ತಾರೆ.

"ಹಕ್ಕಿ ನೋಡೋಳು ನೀನೇನಾ?" ಅಂದ ಆತ.

ಸುದ್ದಿ ಇಪ್ಪತ್ತು ಹೆಜ್ಜೆ ದಾಟಿ ನನಗಿಂತ ಮೊದಲೇ ಬಂದು ಮುಟ್ಟಿತ್ತು. "ಹೂಂ," ಅಂದೆ.

"ನಾನು ಸುಮರ್‌ಲಿದಿ. ನಾಳೆಯಿಂದ ಮೂರು ದಿನ ಬಿಸಿಲಿರತ್ತೆ, ಹಕ್ಕಿಗೆ ಒಳ್ಳೇದು." ಆಮೇಲೆ ಬಹಳ ಹೊತ್ತು ಸುಮ್ಮನಿದ್ದ. ನಾನೂ ಸುಮ್ಮನಿದ್ದೆ. ಅದು ನನಗೆ ಬರುವ ಒಂದೇ ವಿದ್ಯೆ.

"ಆ ತೊಟ್ಟೀಲಿ ಪಾದ್ರಿ ಮಾತು ಬಿಟ್ರೆ ಬೇರೆ ಮಾತಿಲ್ಲ ಈಗ," ಅಂದ. "ನಾನು ಚರ್ಚಿಗೆ ಹೋಗಿ ನಾಲ್ಕು ವರ್ಷ ಆಯ್ತು."

"ಯಾಕೆ?"

"ನನ್ನ ಹೆಂಡ್ತಿ ಹೋದ್ಲು. ಫೆಬ್ರವರೀಲಿ, ಗುಡ್ಡದ ದಾರಿ ಮುಚ್ಚಿತ್ತು. ನಮ್ಮ ಪಾದ್ರಿ ಆಚೆ ಸಿಕ್ಕಿಹಾಕ್ಕೊಂಡಿದ್ದ. ಮಣ್ಣು ಮಾಡ್ಸೋಕೆ ದೋಣೀಲಿ ಯಾರೋ ಬದಲಿ ಪಾದ್ರಿ ಬಂದ. ದಾರಿಯುದ್ದಕ್ಕೂ ವಾಂತಿ ಮಾಡಿ ಬಿಳಿಚ್ಕೊಂಡಿದ್ದ, ಪಾಪ. ಅವಳ ಹೆಸರು ಇಂಗಿಗೆರ್ದುರ್. ಅವನು ಇಂಗಿಬ್ಯೋರ್ಗ್ ಅಂದ. ಒಂದ್ಸಲ ಅಲ್ಲ, ಮೂರು ಸಲ. ಮಣ್ಣು ಹಾಕೋವಾಗ್ಲೂ."

"ಯಾರೂ ಹೇಳ್ಲಿಲ್ವಾ?"

"ಇಡೀ ಊರು ಕೂತಿತ್ತು. ಎಲ್ರೂ ನನ್ನ ಮುಖ ನೋಡಿದ್ರು. ನಾನು ಹೇಳ್ಲಿ ಅಂತ." ನೀರಿನಲ್ಲಿ ಅವನ ಕೈ ಒಮ್ಮೆ ಅಲುಗಿತು. "ನಾನು ಹೇಳ್ಲಿಲ್ಲ. ಆ ಪಾದ್ರಿಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ. ಅವನ ಮೇಲೆ ನಂಗೆ ಕೋಪ ಇಲ್ಲ. ಮೂವತ್ತೊಂದು ವರ್ಷ ಬಾಳಿದೋನು ಎದ್ದು ನಿಂತು ಒಂದು ಹೆಸರು ಹೇಳೋಕಾಗ್ಲಿಲ್ಲ, ನೋಡು."

"ಇಂಗಿಗೆರ್ದುರ್," ಅಂದೆ.

"ಹೂಂ."

"ಹೆಂಗಿದ್ಲು?"

ಆತ ನಕ್ಕ. ಆಮೇಲೆ ಹೇಳಿದ. ಅವಳು ಕಾರನ್ನು ಹಿಂದಕ್ಕೆ ಬಿಡಲು ಕೊನೆಗೂ ಕಲಿಯಲಿಲ್ಲವಂತೆ, ಹಾಗಾಗಿ ಊರಿನಲ್ಲಿ ಎಲ್ಲಿ ಹೋದರೂ ಸುತ್ತು ಹಾಕಿಕೊಂಡೇ ಬರುತ್ತಿದ್ದಳಂತೆ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳಂತೆ, ಅದೂ ಮೊಮ್ಮಕ್ಕಳ ಜೊತೆ. ಹಿಮ ನಿಂತು, ಗುಡ್ಡದ ಅಂಚು ಕಿತ್ತಳೆ ಬಣ್ಣವಾಗುವವರೆಗೂ ಮಾತಾಡಿದೆವು. ನಮ್ಮ ಬೆರಳ ತುದಿಗಳು ಒಣದ್ರಾಕ್ಷಿಯಾಗಿದ್ದವು.

ಉಳಿದುಕೊಂಡ ಮನೆಗೆ ಬಂದು, ಕುರಿಮಾಂಸದ ಸಾರಿನ ಮುಂದೆ ಕೂತಾಗಲೇ ನನಗೆ ನಾನು ಮಾಡಿದ್ದೇನೆಂದು ಅರ್ಥವಾದದ್ದು. ತೊಟ್ಟಿಯ ಮಾತು ಹಾಳಾಗಿ ಹೋಗಲಿ, ಅದು ತಮಾಷೆ. ಆದರೆ ನಾಲ್ಕು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನು ಒಬ್ಬ ಮನುಷ್ಯ ದಾರಿಹೋಕಳಿಗೆ ಕೊಟ್ಟಿದ್ದ. ಅದನ್ನು ತೆಗೆದುಕೊಂಡವಳು ದಾರಿಹೋಕಳಾಗಿರಲಿಲ್ಲ. ನಾಳೆ ಊರಿಗೆಲ್ಲ ಗೊತ್ತಾದ ಮೇಲೆ ಅವನು ನನ್ನ ಬಗ್ಗೆ ಏನಂದುಕೊಂಡಾನು? ಕೆಲಸ ಸಿಗದಿದ್ದರೂ ಸರಿ, ಸಮಿತಿಗಿಂತ ಮೊದಲು ಅವನನ್ನು ನೋಡಬೇಕು ಅಂದುಕೊಂಡೆ. ಭಾನುವಾರ ಬಾಗಿಲು ತೆರೆಯುವ ಹೊತ್ತಿಗೇ ಅವನು ಈಜಲು ಬರುತ್ತಾನೆಂದು ಮನೆಯಾಕೆ ಹೇಳಿದಳು.

ಬೆಳಿಗ್ಗೆ ಒಂಬತ್ತಕ್ಕೆ ನಾನು ಈಜುಕೊಳದ ಬಾಗಿಲಲ್ಲಿದ್ದೆ.

"ಏನು, ಪಫಿನ್ ಇನ್ನೂ ಎದ್ದಿಲ್ವಾ?" ಅಂದಳು ದೀರ್‌ಲೇವ್. ಉತ್ತರ ಕೊಡದೆ ಒಳಗೆ ಓಡಿದೆ.

ದೊಡ್ಡ ಕೊಳದಲ್ಲಿ ಒಂದೇ ಉದ್ದನೆಯ ಆಕೃತಿ, ಅತ್ತಿಂದಿತ್ತ. ನಾನು ಶಾಲೆಯಲ್ಲಿ ಪಾಸಾಗುವಷ್ಟು ಈಜು ಕಲಿತವಳು, ಅಷ್ಟೇ. ಇಳಿದು ಅವನ ಹಿಂದೆ ಹೊರಟೆ. ಒಂದು ಸುತ್ತು, ಎರಡು ಸುತ್ತು, ಮೂರು. ಅವನು ನಿಲ್ಲುವ ಲಕ್ಷಣವಿಲ್ಲ. ಒಮ್ಮೆ ಎದುರಿಗೆ ಬಂದಾಗ "ಸುಮರ್‌ಲಿದಿ!" ಅಂತ ಕೂಗಲು ಹೋಗಿ ಅರ್ಧ ಕೊಳ ಕುಡಿದೆ. ಕೆಮ್ಮು ಕೇಳಿ ಅವನೇ ತಿರುಗಿ ಬಂದು ನನ್ನನ್ನು ತೋಳು ಹಿಡಿದು ಅಂಚಿಗೆ ತಂದ.

"ಹಕ್ಕಿ ನೋಡೋರು ನೀರೊಳಗೂ ನೋಡ್ತಾರೇನು?" ಅಂದ.

"ನಾನು ಹಕ್ಕಿ ನೋಡೋಳಲ್ಲ," ಅಂದೆ ಉಸಿರು ಸಿಕ್ಕಿದ ಮೇಲೆ.

"ಗೊತ್ತು."

"ನಾನು ಪಾದ್ರಿ. ಆ ದಕ್ಷಿಣದೋಳು ನಾನೇ."

"ಅದೂ ಗೊತ್ತು."

ಕನ್ನಡಕವಿಲ್ಲದ ಕಣ್ಣಲ್ಲಿ ಅವನ ಮುಖ ಹುಡುಕಿದೆ. ನಗುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ.

"ದೀರ್‌ಲೇವ್ ಸಮಿತೀಲಿದ್ದಾಳೆ," ಅಂದ. "ನಿಮ್ಮ ಮೂವರ ಫೋಟೋನೂ ವಾರದಿಂದ ಅವಳ ಮೇಜಿನ ಮೇಲಿದೆ. ನೀನು ಸೋಪು ಹಚ್ಕೊಳ್ಳೋಷ್ಟ್ರಲ್ಲಿ ಅವಳು ಹೊರಗೆ ಬಂದು ಎಲ್ರಿಗೂ ಹೇಳಿ ಹೋದ್ಲು. ಗುನ್‌ವೋರೇ ಸಮಿತಿ ಅಧ್ಯಕ್ಷೆ. ನೀನು ಯಾರು ಅಂತ ನೀನೇ ಹೇಳ್ತೀಯೇನೋ ಅಂತ ಕಾದ್ರು. ನೀನು ಪಫಿನ್ ಅಂದೆ." ಈಗ ಅವನ ದನಿ ಒಡೆಯಿತು. "ಮಾರಾಯ್ತಿ, ಪಫಿನ್! ಅವು ಏಪ್ರಿಲ್ ಕೊನೆವರೆಗೂ ನಡುಗಡಲಲ್ಲಿರ್ತವೆ. ಇಲ್ಲಿ ಎರಡು ವರ್ಷದ ಮಗೂಗೂ ಗೊತ್ತು. ಹಾಲ್ಫ್‌ದಾನ್ ನೀರೊಳಗೆ ನಕ್ಕು ಸಾಯೋದ್ರಲ್ಲಿದ್ದ."

ನಾನು ಮುಖವನ್ನು ನೀರಿಗೆ ಅದ್ದಿದೆ. ಮತ್ತೆ ಎತ್ತಿದಾಗಲೂ ಅವನು ಅಲ್ಲೇ ಇದ್ದ.

"ನಿಂಗೆ ನಿನ್ನೇನೇ ಗೊತ್ತಿತ್ತಾ? ನೀನು ಅಷ್ಟೆಲ್ಲ ಹೇಳೋವಾಗ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ದೆ?"

"ನೀನು ಪಾದ್ರಿ ಅಂತ ಬಂದು ಪಕ್ಕದಲ್ಲಿ ಮಲಗಿದ್ರೆ ಹೇಳ್ತಿರ್ಲಿಲ್ಲ. ಹಕ್ಕಿ ನೋಡೋಳಿಗೆ ಹೇಳೋದು ಸುಲಭ. ಆದ್ರೆ ಬರೀ ಹಕ್ಕಿ ನೋಡೋಳಾಗಿದ್ರೆ ಅವಳಿಗೆ ಹೇಳಿ ಏನು ಪ್ರಯೋಜನ?"

ಅಷ್ಟು ಹೇಳಿ, ಇನ್ನು ಹನ್ನೊಂದು ಸುತ್ತು ಬಾಕಿ ಇದೆ ಅಂತ ತಿರುಗಿ ಈಜಿಕೊಂಡು ಹೋದ. ನಾನು ಅಂಚು ಹಿಡಿದುಕೊಂಡು ನಿಂತೆ. ಕಣ್ಣಲ್ಲಿ ನೀರು ಬಂದಿತ್ತು, ನಗುವೂ ಬರುತ್ತಿತ್ತು. ಕೊಳದಲ್ಲಿ ಇದೊಂದು ಅನುಕೂಲ. ಯಾವ ನೀರು ಎಲ್ಲಿಯದು ಅಂತ ಯಾರೂ ಕೇಳುವುದಿಲ್ಲ.

ಹನ್ನೆರಡಕ್ಕೆ ಚರ್ಚಿನ ಪಕ್ಕದ ಕೋಣೆಗೆ ಹೋದೆ. ಕರಿ ಕೋಟು, ಚೆನ್ನಾಗಿ ಒರೆಸಿದ ಕನ್ನಡಕ. ಉದ್ದನೆಯ ಮೇಜಿನ ಹಿಂದೆ ಏಳು ಜನ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಗಂಭೀರವಾಗಿ ಕೂತಿದ್ದರು. ಒಂದು ಮುಖವನ್ನೂ ಮೊದಲು ನೋಡಿದ ಹಾಗಿರಲಿಲ್ಲ, ದೀರ್‌ಲೇವ್ ಒಬ್ಬಳನ್ನು ಬಿಟ್ಟು. ನಡುವೆ ಕೂತ ಬೆಳ್ಳಿಕೂದಲಿನ ತೆಳ್ಳನೆ ಹೆಂಗಸು ಬಾಯಿ ತೆರೆದಳು. ಮುಖ ಹೊಸದು, ದನಿ ಹಳೆಯದು.

"ಮೊದಲ್ನೇ ಪ್ರಶ್ನೆ," ಅಂದಳು ಗುನ್‌ವೋರ್. "ಸರಿಯಾಗಿ ಎಷ್ಟು ಪಫಿನ್ ಇದ್ವು?"

"ಒಂದೂ ಇರ್ಲಿಲ್ಲ," ಅಂದೆ. "ನಿಮ್ಮ ಹತ್ರ ಸುಳ್ಳು ಹೇಳ್ದೆ. ತಪ್ಪಾಯ್ತು."

"ಯಾಕೆ ಹೇಳ್ದೆ?"

"ನೀವು ನನ್ನ ಬಗ್ಗೆ ಆಡ್ತಿದ್ದ ಮಾತು ಕೇಳಿ ನಾಚಿಕೆ ಆಯ್ತು. ಆಮೇಲೆ ನಿಜ ಹೇಳೋಣ ಅನ್ನೋಷ್ಟ್ರಲ್ಲಿ ಕಾಫಿ ಬಂತು. ಅಲ್ಲಿ ಕೂತಿರೋದು ಎಷ್ಟು ಹಿತವಾಗಿತ್ತು ಅಂದ್ರೆ, ಎಬ್ಬಿಸಿ ಕಳಿಸ್ಬಿಡ್ತೀರೇನೋ ಅಂತ ಭಯ ಆಯ್ತು."

ಮೇಜಿನ ಕೊನೆಯಲ್ಲಿದ್ದ ದಪ್ಪನೆ ಮುದುಕನ ಕೆನ್ನೆ ಉಬ್ಬುತ್ತ ಬಂತು. ಟೋಪಿ ಇಲ್ಲದಿದ್ದರೂ ಗುರುತು ಹತ್ತಿತು. "ನೀರಿಲ್ದೇ ತಡ್ಕೊಳ್ಳೋಕಾಗ್ತಿಲ್ಲ ಗುನ್‌ವೋರ್," ಅಂತ ಕೈ ಬಾಯಿಗಿಟ್ಟುಕೊಂಡು ಹಾಲ್ಫ್‌ದಾನ್ ಭೋರೆಂದು ನಕ್ಕ. ಆಮೇಲೆ ಏಳೂ ಜನ. ಆಮೇಲೆ ನಾನು.

ನಗು ತಣ್ಣಗಾದ ಮೇಲೆ ಗುನ್‌ವೋರ್ ಕಣ್ಣೊರೆಸಿಕೊಂಡಳು. "ನಲವತ್ತು ವರ್ಷ ಶಾಲೇಲಿ ಪಾಠ ಹೇಳಿದ್ದೀನಿ. ಇಷ್ಟು ಕೆಟ್ಟದಾಗಿ ಸುಳ್ಳು ಹೇಳೋರನ್ನ ನೋಡಿಲ್ಲ. ಅದನ್ನ ನಿನ್ನ ಪರವಾಗಿ ಬರ್ಕೊಂಡಿದ್ದೀನಿ." ನಂತರ ಅವಳು ನಿಜವಾಗಿ ಪ್ರಶ್ನೆ ಕೇಳಿದಳು. ಒಂದು ಗಂಟೆ ಕೇಳಿದರು. ಹಾಡಲು ಬರುತ್ತದೆಯೇ ಅಂದರು, ಬರುವುದಿಲ್ಲ ಅಂದೆ. ಹಾಡಿ ತೋರಿಸು ಅಂದರು, ತೋರಿಸಿದೆ. ಎರಡನೇ ಸಾಲಿಗೆ ಸಾಕು ಅಂದರು. ಸುಮರ್‌ಲಿದಿಯ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗುರುವಾರ ಗುನ್‌ವೋರ್ ಫೋನ್ ಮಾಡಿದಳು. "ಪರ ನಾಲ್ಕು ಮತ, ವಿರುದ್ಧ ಮೂರು," ಅಂದಳು. "ನೀನೇ. ಹಾಲ್ಫ್‌ದಾನ್ ನಿನ್ನ ವಿರುದ್ಧ ಮತ ಹಾಕಿದ. ಆ ಹಾಡು ಕೇಳಿದ ಮೇಲೆ ಮನಸ್ಸಾಕ್ಷಿ ಒಪ್ಪಲಿಲ್ವಂತೆ. ಎದುರಿಗೇ ಹೇಳ್ತೀನಿ ಅಂದಿದ್ದಾನೆ, ಬೇಜಾರು ಮಾಡ್ಕೋಬೇಡ."

ಜೂನ್ ತಿಂಗಳಲ್ಲಿ ಸಾಮಾನು ತುಂಬಿಕೊಂಡು ಬಂದೆ. ಅದೇ ಗುಡ್ಡದ ದಾರಿ ಈಗ ಕಪ್ಪಗೆ, ಒಣಗಿ, ಎರಡೂ ಬದಿಗೆ ಕುರಿಮರಿಗಳು. ಇಂಗಿಗೆರ್ದುರಳ ಸಮಾಧಿಗೆ ನಾವು ಹೋದದ್ದು ಮೊದಲ ವಾರದಲ್ಲೇ. ಸುಮರ್‌ಲಿದಿ, ಅವನ ಇಬ್ಬರು ಹೆಣ್ಣುಮಕ್ಕಳು, ನಾನು. ನಾನು ಪುಸ್ತಕ ತೆರೆಯುವ ಮೊದಲೇ ಅವನು ಟೋಪಿ ತೆಗೆದು, ಹೆಂಡತಿಯ ಪೂರ್ತಿ ಹೆಸರನ್ನು ತಾನೇ ಜೋರಾಗಿ ಹೇಳಿದ. ಬೇಲಿಯಾಚೆಯ ಕುರಿ ತಲೆಯೆತ್ತಿ ನೋಡುವಷ್ಟು ಜೋರಾಗಿ. ಮಕ್ಕಳು ಅಪ್ಪನ ಎರಡೂ ತೋಳು ಹಿಡಿದುಕೊಂಡರು. ಉಳಿದದ್ದನ್ನು ನಾನು ಓದಿದೆ.

ನನ್ನ ಮೊದಲ ಭಾನುವಾರದ ಪ್ರಾರ್ಥನೆಗೆ ಮೂವತ್ತೆರಡು ಜನ ಬಂದರು. ಅದು ಕುತೂಹಲದ ಲೆಕ್ಕ, ಭಕ್ತಿಯದಲ್ಲ ಅಂತ ದೀರ್‌ಲೇವ್ ಮೊದಲೇ ಎಚ್ಚರಿಸಿದ್ದಳು. ಸೋಮವಾರ ಬೆಳಿಗ್ಗೆ ನಲವತ್ತು ಡಿಗ್ರಿಯ ತೊಟ್ಟಿಗೆ ಇಳಿದಾಗ ಎಲ್ಲರೂ ನನಗಾಗಿಯೇ ಕಾದಿದ್ದ ಹಾಗಿತ್ತು.

"ಹದಿನೆಂಟು ನಿಮಿಷ," ಅಂದ ಹಾಲ್ಫ್‌ದಾನ್.

"ಏನು ಹದಿನೆಂಟು ನಿಮಿಷ?"

"ನಿನ್ನ ಉಪದೇಶ. ಗಡಿಯಾರ ನೋಡಿದ್ದೀನಿ. ಮನೇಲಿ ಮೀನು ಒಲೆ ಮೇಲಿಟ್ಟು ಬಂದಿದ್ದೆ."

"ಒಲೆ ಮೇಲಿಟ್ಟು ಯಾರಾದ್ರೂ ಬರ್ತಾರೇನೋ ಚರ್ಚಿಗೆ?" ಗುನ್‌ವೋರ್ ಅವನ ಮೇಲೆ ನೀರೆರಚಿದಳು. "ನಂಗೆ ನಡುವಿನ ಭಾಗ ಚೆನ್ನಾಗಿತ್ತು. ಕೊನೇಲಿ ಒಂದೇ ಮಾತನ್ನ ಎರಡು ಸಲ ಹೇಳ್ದೆ, ಅದನ್ನ ತಿದ್ಕೋ."

ಸುಮರ್‌ಲಿದಿ ಆ ದಿನ ಮಕ್ಕಳ ಕೊಳಕ್ಕೆ ಹೋಗದೆ ನಮ್ಮ ತೊಟ್ಟಿಯಲ್ಲೇ ಒಂದು ಮೂಲೆ ಹಿಡಿದು ಕೂತಿದ್ದ. ಎಲ್ಲರೂ ಅವನ ಕಡೆ ನೋಡಿದರು.

"ನಾನು ಹಿಂದಿನ ಬೆಂಚಲ್ಲಿದ್ದೆ," ಅಂದ. "ಅಲ್ಲಿಗೆ ಸರಿಯಾಗಿ ಕೇಳ್ಸಲ್ಲ. ಮುಂದಿನ ವಾರ ಸ್ವಲ್ಪ ಜೋರಾಗಿ ಮಾತಾಡು."